ಮಕ್ಕಳ ಒಳಿತಿಗಾಗಿ ಹೇಳಿದ ಸುಳ್ಳು

ಮಕ್ಕಳನ್ನು ಕೆಡುಕಿನಿಂದ ಕಾಪಾಡುವುದಕ್ಕಾಗಿ ದೊಡ್ಡವರು ಸತ್ಯವನ್ನು ತುಸು ಬಗ್ಗಿಸಬಹುದೆ? ಹೀಗೆ ನೇರವಾಗಿ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ಕೂಡದು’ ಎಂದೇ ಉತ್ತರಿಸುತ್ತೇವೆ. ಆದರೆ ಮನೆಯೊಳಗೆ ನಡೆಯುವುದು ಬೇರೆ. ಊಟ ಮಾಡದ ಮಗುವಿಗೆ ಗುಮ್ಮನನ್ನು ಕರೆಯುತ್ತೇವೆ. ಬೆಳೆದ ಮಗ ಜಪಾನಿನ ಅನಿಮೆ ನೋಡುತ್ತಾ ಕುಳಿತರೆ, ‘ಇದನ್ನು ನೋಡಿದವರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ’ ಎಂದು, ಯಾರೋ ಹೇಳಿದ್ದನ್ನು ನಾವೇ ಕಂಡವರಂತೆ ಹೇಳುತ್ತೇವೆ. ಉದ್ದೇಶ ಒಳ್ಳೆಯದು ತಾನೇ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ಈ ಸಮಾಧಾನ ಎಷ್ಟು ಸರಿ ಎಂಬುದನ್ನು ಅಳೆದು ನೋಡಲು ಅಮೆರಿಕ ದೇಶದ ಒಂದು ಹಳೆಯ ಪ್ರಕರಣ ನಮಗೆ ನೆರವಾಗುತ್ತದೆ. ಅದು ಚಿತ್ರಕಥೆಗಳ, ಅಂದರೆ ಕಾಮಿಕ್ಸ್ ಪುಸ್ತಕಗಳ ಪ್ರಕರಣ. ಕಥೋಲಿಕರಾದ ನಮಗೂ ಅದರಲ್ಲಿ ಒಂದು ಪಾಲಿದೆ.

ಎರಡನೆಯ ಮಹಾಯುದ್ಧ ಮುಗಿದ ವರ್ಷಗಳಲ್ಲಿ ಅಮೆರಿಕದ ಮಕ್ಕಳಿಗೆ ಕಾಮಿಕ್ಸ್ ಎಂದರೆ ಪ್ರಾಣ. ಹತ್ತು ಸೆಂಟಿಗೆ ಒಂದು ಪುಸ್ತಕ. ಅವುಗಳಲ್ಲಿ ಹಾರುವ ವೀರರ ಕಥೆಗಳಿದ್ದವು, ಬಾಹ್ಯಾಕಾಶದ ಕಥೆಗಳಿದ್ದವು, ಕೊಲೆ ಸುಲಿಗೆಗಳನ್ನು ರಕ್ತಸಿಕ್ತವಾಗಿ ತೋರಿಸುವ ಕಥೆಗಳೂ ಇದ್ದವು. ತಂದೆತಾಯಂದಿರು, ಶಿಕ್ಷಕರು, ಗುರುಗಳು ಗಾಬರಿಗೊಂಡರು. 1948ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಪಟ್ಟಣದ ಕಥೋಲಿಕ ಶಾಲೆಯೊಂದರ ಮಕ್ಕಳು ಮನೆಮನೆಗಳಿಂದ ಕಾಮಿಕ್ಸ್ ಸಂಗ್ರಹಿಸಿ ತಂದು ಶಾಲೆಯ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು. ಬೇರೆ ಊರುಗಳಲ್ಲಿಯೂ ಇಂಥ ಬೆಂಕಿಗಳು ಎದ್ದವು. ಪುಸ್ತಕ ಸುಡುವ ಹಿಟ್ಲರನ ವಿರುದ್ಧ ಹೋರಾಡಿ ಗೆದ್ದು ನಾಲ್ಕು ವರ್ಷ ಕಳೆಯುವುದರೊಳಗೆ ಹೀಗಾಯಿತಲ್ಲ ಎಂದು ಆಗಲೇ ಕೆಲವರು ನೊಂದುಕೊಂಡರು.

ಈ ಗಾಬರಿಗೆ ವಿಜ್ಞಾನದ ಮಾತನ್ನು ಒದಗಿಸಿದವರು ಡಾಕ್ಟರ್ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದವರು. ಅವರನ್ನು ಕೆಟ್ಟವರೆಂದು ತಿಳಿದರೆ ನಮ್ಮ ಪ್ರಶ್ನೆ ತೀರ ಸುಲಭವಾಗಿಬಿಡುತ್ತದೆ. ಅವರು ಕೆಟ್ಟವರಾಗಿರಲಿಲ್ಲ. ಬಡ ಕರಿಯರಿಗೆ ಮನೋರೋಗದ ಚಿಕಿತ್ಸೆ ಎಟುಕದಿದ್ದ ಕಾಲದಲ್ಲಿ, 1946ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ದೇವಾಲಯವೊಂದಕ್ಕೆ ಸೇರಿದ ಕಟ್ಟಡದ ನೆಲಮಾಳಿಗೆಯಲ್ಲಿ ಅವರು ಲಫಾರ್ಗ್ ಚಿಕಿತ್ಸಾಲಯವನ್ನು ತೆರೆದರು. ಬಂದವರು ಕೊಡಬೇಕಾದದ್ದು 25 ಸೆಂಟು ಮಾತ್ರ. ಕರಿಯ ಮಕ್ಕಳನ್ನು ಬೇರೆ ಶಾಲೆಗಳಲ್ಲಿ ಕೂರಿಸುವುದರಿಂದ ಅವರ ಮನಸ್ಸಿಗೆ ಗಾಯವಾಗುತ್ತದೆ ಎಂದು 1951ರಲ್ಲಿ ಡೆಲವೇರ್ ರಾಜ್ಯದ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. ಶಾಲೆಗಳಲ್ಲಿ ವರ್ಣಭೇದವನ್ನು ರದ್ದುಪಡಿಸಿದ 1954ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಆ ಡೆಲವೇರ್ ಮೊಕದ್ದಮೆಯೂ ಸೇರಿತ್ತು. ಇಂಥ ಮನುಷ್ಯ ಮಕ್ಕಳನ್ನು ಪ್ರೀತಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಅದೇ 1954ರಲ್ಲಿ ಅವರು ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಬಾಲಾಪರಾಧಕ್ಕೆ ಕಾಮಿಕ್ಸ್ ಒಂದು ದೊಡ್ಡ ಕಾರಣ ಎಂಬುದು ಅದರ ವಾದ. ತಾವು ಕಂಡ ಮಕ್ಕಳ ಮಾತುಗಳನ್ನೇ ಅವರು ಪುಟಪುಟದಲ್ಲಿ ಸಾಕ್ಷಿಯಾಗಿ ಇಟ್ಟಿದ್ದರು. ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ವರ್ಥಮ್ ಸಾಕ್ಷಿ ಹೇಳಿದರು. ಒಂದು ಕಥೆಯಲ್ಲಿ ಜನಾಂಗ ನಿಂದನೆಯ ಬೈಗುಳು ಮತ್ತೆ ಮತ್ತೆ ಬರುವುದನ್ನು ಅವರು ಎತ್ತಿ ತೋರಿಸಿದರು. ಆದರೆ ಆ ಕಥೆ ಬರೆದದ್ದೇ ಜನಾಂಗ ದ್ವೇಷವನ್ನು ಖಂಡಿಸಲು ಎಂಬುದನ್ನು ಹೇಳಲಿಲ್ಲ. ವಿಚಾರಣೆಯ ಬಿಸಿಗೆ ಹೆದರಿದ ಪ್ರಕಾಶಕರು ಆ ವರ್ಷವೇ ತಮಗೆ ತಾವೇ ಒಂದು ನಿಯಮಾವಳಿಯನ್ನು ಹಾಕಿಕೊಂಡರು. ಅದರ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗಳು ಮಾರಲು ಹಿಂಜರಿದವು. ಆ ಕಾಮಿಕ್ಸ್ ಕೋಡ್ ಪೂರ್ತಿಯಾಗಿ ಕಣ್ಮರೆಯಾದದ್ದು 2011ರಲ್ಲಿ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ವರ್ಥಮ್ ಅವರ ಆತಂಕ ಪೊಳ್ಳಾಗಿರಲಿಲ್ಲ. ಇ. ಸಿ. ಕಾಮಿಕ್ಸ್‌ನ ಒಡೆಯ ವಿಲಿಯಂ ಗೇನ್ಸ್ ಸೆನೆಟಿನ ಮುಂದೆ ನಿಂತಾಗ, ಕೈಯಲ್ಲಿ ಕೊಡಲಿ ಹಿಡಿದು ಹೆಂಗಸಿನ ಕತ್ತರಿಸಿದ ತಲೆಯನ್ನು ಎತ್ತಿಹಿಡಿದ ಗಂಡಸಿನ ಚಿತ್ರವುಳ್ಳ ಮುಖಪುಟವನ್ನು ಸೆನೆಟರ್ ಒಬ್ಬರು ತೋರಿಸಿ, ಇದು ಸದಭಿರುಚಿಯೇ ಎಂದು ಕೇಳಿದರು. ಭಯಾನಕ ಕಥೆಯ ಮುಖಪುಟಕ್ಕೆ ಇದು ಸರಿಯೇ ಎಂದರು ಗೇನ್ಸ್. ಎಂಟು ವರ್ಷದ ಮಗುವಿನ ಕೈಗೆ ಅಂಥದ್ದು ಸಿಗಬಾರದು ಎಂದು ಯಾವ ತಾಯಿಯಾದರೂ ಬಯಸಿದರೆ ಅದರಲ್ಲಿ ತಪ್ಪೇನಿದೆ?

ಆದರೆ ಇದೇ ಗೇನ್ಸ್ ಅವರ ಸಂಸ್ಥೆ 1953ರಲ್ಲಿ ಇನ್ನೊಂದು ಕಥೆಯನ್ನೂ ಪ್ರಕಟಿಸಿತ್ತು. ಹೆಸರು ‘ಜಜ್‌ಮೆಂಟ್ ಡೇ’. ಬರೆದವರು ಆಲ್ ಫೆಲ್ಡ್‌ಸ್ಟೀನ್, ಚಿತ್ರ ಬರೆದವರು ಜೋ ಒರ್ಲ್ಯಾಂಡೊ. ಭೂಮಿಯಿಂದ ಹೋದ ಗಗನಯಾತ್ರಿಯೊಬ್ಬ ಯಂತ್ರಮಾನವರು ವಾಸಿಸುವ ಗ್ರಹವನ್ನು ಪರೀಕ್ಷಿಸಲು ಇಳಿಯುತ್ತಾನೆ. ಗ್ರಹಗಳ ದೊಡ್ಡ ಒಕ್ಕೂಟಕ್ಕೆ ಅವರನ್ನು ಸೇರಿಸಿಕೊಳ್ಳಬಹುದೆ ಎಂದು ತೀರ್ಮಾನಿಸುವುದು ಅವನ ಕೆಲಸ. ಅಲ್ಲಿ ಕಿತ್ತಳೆ ಬಣ್ಣದವರು ಮತ್ತು ನೀಲಿ ಬಣ್ಣದವರು ಎಂದು ಎರಡು ಬಗೆ. ಒಳಗಿನ ಯಂತ್ರ ಒಂದೇ, ಮೇಲಿನ ಹೊದಿಕೆಯ ಬಣ್ಣ ಮಾತ್ರ ಬೇರೆ. ಆದರೂ ನೀಲಿಯವರಿಗೆ ಬೇರೆ ಕೇರಿ, ಬಸ್ಸಿನಲ್ಲಿ ಹಿಂದಿನ ಸೀಟು. ನೀವಿನ್ನೂ ಒಕ್ಕೂಟಕ್ಕೆ ಸಿದ್ಧರಾಗಿಲ್ಲ ಎಂದು ಹೇಳಿ ಆತ ಹೊರಡುತ್ತಾನೆ. ನೌಕೆಯಲ್ಲಿ ಶಿರಸ್ತ್ರಾಣವನ್ನು ಕಳಚಿದಾಗ ಕೊನೆಯ ಚಿತ್ರದಲ್ಲಿ ಮೊದಲ ಬಾರಿಗೆ ಅವನ ಮುಖ ಕಾಣುತ್ತದೆ. ಆತ ಕರಿಯ ಮನುಷ್ಯ.

ಈ ಕಥೆಯನ್ನು ಮತ್ತೆ ಮುದ್ರಿಸಲು ಹೊರಟಾಗ ಕೋಡ್ ಜಾರಿಗೆ ಬಂದಿತ್ತು. ಅದರ ಆಡಳಿತಗಾರ ಚಾರ್ಲ್ಸ್ ಮರ್ಫಿ ಎಂಬವರು ಗಗನಯಾತ್ರಿ ಕರಿಯನಾಗಿರಬಾರದೆಂದು ಅಡ್ಡಿ ತೆಗೆದರು. ಅವನು ಕರಿಯನಾಗಿರುವುದೇ ಕಥೆಯ ಪ್ರಾಣ ಎಂದು ಗೇನ್ಸ್ ಮತ್ತು ಫೆಲ್ಡ್‌ಸ್ಟೀನ್ ಪಟ್ಟು ಹಿಡಿದರು. 1956ರ ಆರಂಭದ ಸಂಚಿಕೆಯಲ್ಲಿ ಕಥೆ ಇದ್ದ ಹಾಗೆಯೇ ಅಚ್ಚಾಯಿತು. ಆ ಸಂಸ್ಥೆಯ ಕಾಮಿಕ್ಸ್ ಪುಸ್ತಕಗಳಲ್ಲಿ ಅದೇ ಕೊನೆಯದು.

ಯೋಚಿಸಿ ನೋಡಿ. ವರ್ಥಮ್ ತಮ್ಮ ಜೀವಮಾನದಲ್ಲಿ ವರ್ಣಭೇದದ ವಿರುದ್ಧ ದುಡಿದವರು. ಕೋಡನ್ನು ಬರೆದವರು ಅವರಲ್ಲ, ಅದು ಅವರಿಗೆ ಒಪ್ಪಿಗೆಯೂ ಆಗಿರಲಿಲ್ಲ. ಆದರೆ ಅವರು ಎಬ್ಬಿಸಿದ ಭಯದಿಂದ ಹುಟ್ಟಿದ ಕೋಡು, ಮಕ್ಕಳಿಗೆ ವರ್ಣಭೇದದ ಪಾಪವನ್ನು ತೋರಿಸುತ್ತಿದ್ದ ಕಥೆಗೇ ಅಡ್ಡ ನಿಂತಿತು. ಭಯಕ್ಕೆ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸುವ ತಾಳ್ಮೆ ಇರುವುದಿಲ್ಲ. ಬೆಂಕಿಗಂತೂ ಮೊದಲೇ ಇಲ್ಲ.

ಕಥೆಯ ಇನ್ನೊಂದು ಭಾಗ ಬೆಳಕಿಗೆ ಬಂದದ್ದು ಬಹಳ ತಡವಾಗಿ. ವರ್ಥಮ್ 1981ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳನ್ನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಸಂಶೋಧಕರಿಗೆ ತೆರೆಯಿತು. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಎಂಬ ಪ್ರಾಧ್ಯಾಪಕಿ ಆ ಮೂಲ ಟಿಪ್ಪಣಿಗಳನ್ನು ಪುಸ್ತಕದ ಪಕ್ಕದಲ್ಲಿಟ್ಟು ಓದಿ, 2012ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಮಕ್ಕಳ ವಯಸ್ಸು ಬದಲಾಗಿತ್ತು. ಒಬ್ಬನ ಮಾತು ಇನ್ನೊಬ್ಬನ ಬಾಯಿಗೆ ಸೇರಿತ್ತು. ಬೇರೆ ವೈದ್ಯರಿಂದ ಕೇಳಿ ತಿಳಿದದ್ದು ತಾವೇ ಕಂಡಂತೆ ಬಂದಿತ್ತು. ಶಾಲೆ ತಪ್ಪಿಸುತ್ತಿದ್ದ ಹದಿಮೂರರ ಹುಡುಗಿಯೊಬ್ಬಳ ಪ್ರಕರಣದಲ್ಲಿ ಅವಳು ಕಾಮಿಕ್ಸ್ ನಾಯಕಿಯರನ್ನು ಮೆಚ್ಚುತ್ತಿದ್ದಳೆಂಬುದು ಪುಸ್ತಕದಲ್ಲಿ ಇತ್ತು. ಅವಳಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ, ಅವಳು ಪುಂಡರ ಗುಂಪಿಗೆ ಸೇರಿದ್ದಳು, ಮನೆ ಬಿಟ್ಟು ಓಡಿಹೋಗುತ್ತಿದ್ದಳು ಎಂಬ ಟಿಪ್ಪಣಿಗಳು ಪುಸ್ತಕದಲ್ಲಿ ಇರಲಿಲ್ಲ.

ನಮ್ಮ ಪ್ರಶ್ನೆಗೆ ಉತ್ತರ ಈ ಹುಡುಗಿಯ ಪ್ರಕರಣದಲ್ಲಿದೆ ಎಂದು ನನಗೆ ತೋರುತ್ತದೆ. ಮಕ್ಕಳ ಹಿತಕ್ಕಾಗಿ ಹೇಳುವ ಸುಳ್ಳಿನಿಂದ ಮೊದಲು ನಷ್ಟವಾಗುವುದು ಮಕ್ಕಳಿಗೇ. ಪುಸ್ತಕವನ್ನು ಓದಿದ ತಂದೆತಾಯಂದಿರಿಗೆ ಅವಳ ಕೈಯಲ್ಲಿದ್ದ ಹತ್ತು ಸೆಂಟಿನ ಕಾಮಿಕ್ಸ್ ಕಂಡಿತು, ಅವಳ ಒಡೆದ ಬದುಕು ಕಾಣಲಿಲ್ಲ. ತಮ್ಮ ಮನೆಯ ಹುಡುಗಿಯೂ ಶಾಲೆ ತಪ್ಪಿಸಿದಾಗ ಅವರು ಹುಡುಕುವುದು ಹಾಸಿಗೆಯ ಕೆಳಗಿನ ಪುಸ್ತಕವನ್ನು. ಅವಳಿಗೆ ಓದಲು ಕಷ್ಟವಾಗುತ್ತಿದೆಯೇ, ಅವಳು ಯಾರಿಗಾದರೂ ಹೆದರುತ್ತಿದ್ದಾಳೆಯೇ ಎಂದು ಕೇಳುವುದೇ ಇಲ್ಲ.

ಎರಡನೆಯ ನಷ್ಟ ಸತ್ಯಕ್ಕೆ. ವರ್ಥಮ್ ಹೇಳಿದ್ದರಲ್ಲಿ ನಿಜವಾದ ಭಾಗವೂ ಇತ್ತು. ಹಿಂಸೆಯ ಚಿತ್ರಗಳನ್ನು ಎಳೆಯರಿಗೆ ಮಾರಬಾರದೆಂಬ ಅವರ ವಾದವನ್ನು ಇಂದಿಗೂ ಕೂತು ಚರ್ಚಿಸಬಹುದಿತ್ತು. ಆದರೆ ಈಗ ಅವರ ಹೆಸರೆತ್ತಿದರೆ ಸಾಕು, ಸಾಕ್ಷಿಯನ್ನು ತಿದ್ದಿದವರಲ್ಲವೇ ಎಂಬ ಮಾತು ಮುಂದೆ ಬರುತ್ತದೆ. ಹಾಲಿಗೆ ಒಂದು ತೊಟ್ಟು ಹುಳಿ ಬಿದ್ದಂತೆ, ಇಡೀ ಪಾತ್ರೆ ಒಡೆದುಹೋಯಿತು.

ಇದು ನಮಗೆ ಹೊಸ ಪಾಠವೇನಲ್ಲ. ಸಂತ ಅಗುಸ್ತೀನರು ಐದನೆಯ ಶತಮಾನದ ಆರಂಭದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದ್ದರು. ತಮ್ಮ ನಂಬಿಕೆಯನ್ನು ಮುಚ್ಚಿಟ್ಟುಕೊಳ್ಳುತ್ತಿದ್ದ ಪಾಷಂಡಿಗಳನ್ನು ಹಿಡಿಯಲು ನಾವೂ ಸುಳ್ಳು ಹೇಳಬಹುದೆ ಎಂದು ಕೊನ್ಸೆನ್ಸಿಯಸ್ ಎಂಬವನು ಅವರನ್ನು ಕೇಳಿದ. ಕೂಡದು ಎಂದು ಅವರು ಒಂದು ಪುಸ್ತಕವನ್ನೇ ಬರೆದರು. ದಶಾಜ್ಞೆಗಳಲ್ಲಿ ಎಂಟನೆಯದು ಸುಳ್ಳು ಸಾಕ್ಷಿಯನ್ನು ನಿಷೇಧಿಸುವಾಗ, ಒಳ್ಳೆಯ ಕೆಲಸಕ್ಕಾದರೆ ಅಡ್ಡಿಯಿಲ್ಲ ಎಂಬ ವಿನಾಯಿತಿಯನ್ನು ಸೇರಿಸಿಲ್ಲ.

ಹಾಗಾದರೆ ಮಕ್ಕಳ ಕೈಯಲ್ಲಿ ಏನಿದ್ದರೂ ಸುಮ್ಮನೆ ನೋಡುತ್ತಿರಬೇಕೆ? ಖಂಡಿತ ಇಲ್ಲ. ಬೆಂಕಿ ಹಚ್ಚುವುದಕ್ಕಿಂತ ಕಷ್ಟದ, ಆದರೆ ಹೆಚ್ಚು ಫಲ ಕೊಡುವ ದಾರಿ ಒಂದಿತ್ತು. ಅದನ್ನು ಹಿಡಿದವರೂ ಕಥೋಲಿಕರೇ. ಅಮೆರಿಕದ ಡೇಟನ್ ನಗರದ ಪ್ರಕಾಶಕ ಜಾರ್ಜ್ ಫ್ಲಾಮ್ ಅವರ ಸಂಸ್ಥೆ 1946ರಿಂದ 1972ರ ತನಕ ‘ಟ್ರೆಷರ್ ಚೆಸ್ಟ್’ ಎಂಬ ಕಾಮಿಕ್ಸ್ ಪತ್ರಿಕೆಯನ್ನು ಹೊರತಂದು ಕಥೋಲಿಕ ಶಾಲೆಗಳ ಮಕ್ಕಳಿಗೆ ತಲುಪಿಸಿತು. ಸಂತರ ಚರಿತ್ರೆ, ಸಾಹಸ, ವಿಜ್ಞಾನ, ನಗೆ ಎಲ್ಲವೂ ಅದರಲ್ಲಿದ್ದವು. 1964ರಲ್ಲಿ ಅದು ಒಂದು ಧಾರಾವಾಹಿಯನ್ನು ಪ್ರಕಟಿಸಿತು. ಬರೆದವರು ಬೆರ್ರಿ ರೀಸ್, ಚಿತ್ರ ಜೋ ಸಿನ್ನಟ್ ಅವರದು. ಮುಂದೆ ಬರಲಿರುವ 1976ರ ರಾಷ್ಟ್ರಾಧ್ಯಕ್ಷರ ಚುನಾವಣೆಯನ್ನು ಕಲ್ಪಿಸಿಕೊಂಡು ಬರೆದ ಕಥೆ ಅದು. ಅಭ್ಯರ್ಥಿ ಪೆಟಿಗ್ರೂ ಎಂಬವನ ಗುಣ, ಧೈರ್ಯ, ಮಾತು ಎಲ್ಲವನ್ನೂ ಮಕ್ಕಳು ಕಂತು ಕಂತಾಗಿ ಮೆಚ್ಚುತ್ತಾ ಹೋಗುತ್ತಾರೆ. ಮುಖವನ್ನು ಮಾತ್ರ ಎಲ್ಲಿಯೂ ತೋರಿಸುವುದಿಲ್ಲ. ಕೊನೆಯಲ್ಲಿ ಮುಖ ಕಂಡಾಗ ಆತ ಕರಿಯನೆಂದು ತಿಳಿಯುತ್ತದೆ. ಹತ್ತು ವರ್ಷದ ಹಿಂದೆ ತುಚ್ಛವೆಂದು ಎಣಿಸಲಾದ ಕಾಮಿಕ್ಸ್ ಹಿಡಿದಿದ್ದ ಬೆಳಕನ್ನೇ ನಮ್ಮವರ ಶಾಲಾ ಪತ್ರಿಕೆಯೂ ಹಿಡಿಯಿತು.

ಇನ್ನು ವರ್ಥಮ್ ಅವರ ಕಥೆಗೆ ಯಾರೂ ನಿರೀಕ್ಷಿಸದ ಒಂದು ತಿರುವಿದೆ. ವೈಜ್ಞಾನಿಕ ಕಥೆಗಳನ್ನೂ ಕಾಮಿಕ್ಸ್‌ಗಳನ್ನೂ ಮನಸಾರೆ ಪ್ರೀತಿಸುವ ಅಭಿಮಾನಿಗಳು ತಮ್ಮದೇ ಸಣ್ಣ ಪತ್ರಿಕೆಗಳನ್ನು ಮಾಡುತ್ತಿದ್ದರು. 1930ರ ದಶಕದಲ್ಲೇ ಈ ರೂಢಿ ಬೆಳೆದಿತ್ತು. ಸೂಪರ್‌ಮ್ಯಾನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಕೂಡ 1933ರಲ್ಲಿ ಇಂಥದೊಂದು ಪತ್ರಿಕೆಯನ್ನು ಹೊರತಂದಿದ್ದ ಹುಡುಗ. ಸ್ವಂತ ಕಾಸು, ರಾತ್ರಿಯ ಬಿಡುವು, ಕಲ್ಲಚ್ಚಿನಂಥ ಮಸುಕಾದ ಅಕ್ಷರ, ಅಂಚೆಯಲ್ಲಿ ದೂರದ ಊರಿನ ಗೆಳೆಯರಿಗೆ ರವಾನೆ. ಲಾಭದ ಮಾತಿಲ್ಲ. ಇಂಥ ಪತ್ರಿಕೆಗಳು ವರ್ಥಮ್ ಅವರ ಕೈಗೂ ಬಂದವು. ಅವರು ಓದಿದರು. 1973ರಲ್ಲಿ ಅವುಗಳ ಬಗ್ಗೆಯೇ ‘ದಿ ವರ್ಲ್ಡ್ ಆಫ್ ಫ್ಯಾನ್‌ಜೀನ್ಸ್’ ಎಂಬ ಪುಸ್ತಕವನ್ನು ಬರೆದು, ಮನುಷ್ಯರು ಮನಬಿಚ್ಚಿ ಮಾತಾಡಿಕೊಳ್ಳುವ ಒಂದು ಆರೋಗ್ಯಕರ ದಾರಿ ಇದು ಎಂದು ಮೆಚ್ಚಿಕೊಂಡರು. 1954ರ ತಮ್ಮ ಪುಸ್ತಕವನ್ನು ಅವರು ಹಿಂತೆಗೆದುಕೊಳ್ಳಲಿಲ್ಲ, ಅದು ಬೇರೆ ಮಾತು. ಆದರೆ ಯಾರನ್ನು ಕೆಟ್ಟುಹೋಗುವವರೆಂದು ಜನ ಭಾವಿಸಿದ್ದರೋ ಅವರ ಮಾತನ್ನು ಕೇಳಿದಾಗ ಅವರಿಗೆ ಕಂಡದ್ದು ಒಳಿತು.

ನಮ್ಮ ಮನೆಗಳಲ್ಲಿಯೂ ಆಗಬೇಕಾದದ್ದು ಇಷ್ಟೇ. ಮಗಳು ಮಾಂಗಾ ಪುಸ್ತಕದ ಮುಂದೆಯೋ ಮಗ ಅನಿಮೆಯ ಮುಂದೆಯೋ ಗಂಟೆಗಟ್ಟಲೆ ಕುಳಿತರೆ, ಪಕ್ಕದಲ್ಲಿ ಒಮ್ಮೆ ಕುಳಿತುಕೊಳ್ಳಿ. ಇದು ಯಾರ ಕಥೆ, ಇದರಲ್ಲಿ ನಿನಗೆ ಯಾರು ಇಷ್ಟ, ಏಕೆ ಇಷ್ಟ ಎಂದು ಕೇಳಿ. ಉತ್ತರ ಮುಗಿಯುವ ತನಕ ಬಾಯಿ ಹಾಕಬೇಡಿ. ಅದರಲ್ಲಿ ಕೊಳಕು ಕಂಡರೆ, ಇದು ಕೊಳಕು, ನಮ್ಮ ಮನೆಯಲ್ಲಿ ಬೇಡ ಎಂದು ನೇರವಾಗಿ ಹೇಳಿ. ಹಾಗೆ ಹೇಳುವ ಹಕ್ಕು ತಂದೆತಾಯಿಗೆ ಇದೆ, ಹೊಣೆಯೂ ಇದೆ. ಓದು, ನಿದ್ದೆ, ಜಪಸರ ತಪ್ಪುತ್ತಿದ್ದರೆ ಹೊತ್ತಿಗೆ ಮಿತಿ ಹಾಕಿ. ಆದರೆ ನೀವು ನೋಡದೆ ಇದ್ದುದನ್ನು ನೋಡಿದೆನೆಂದು ಹೇಳಬೇಡಿ, ಸಣ್ಣದನ್ನು ದೊಡ್ಡದು ಮಾಡಿ ಹೆದರಿಸಬೇಡಿ. ಹುಡುಗ ಒಂದು ದಿನ ತಾನೇ ಪರೀಕ್ಷಿಸಿ ನೋಡುತ್ತಾನೆ. ಅಪ್ಪ ಹೇಳಿದ್ದು ಸುಳ್ಳು ಎಂದು ಒಮ್ಮೆ ತಿಳಿದರೆ, ಅದೇ ಅಪ್ಪ ಕುಡಿತದ ಬಗ್ಗೆ, ಕೆಟ್ಟ ಸಹವಾಸದ ಬಗ್ಗೆ, ದೇವರ ಬಗ್ಗೆ ಹೇಳಿದ್ದನ್ನೂ ಅವನು ಅದೇ ತಕ್ಕಡಿಯಲ್ಲಿ ತೂಗುತ್ತಾನೆ.

ಮಕ್ಕಳು ನಮ್ಮನ್ನು ನಂಬುತ್ತಾರೆ. ಹೆದರಿಸಿ ಪಡೆದ ವಿಧೇಯತೆ ಅವರು ಹೊಸ್ತಿಲು ದಾಟುವ ತನಕ ಮಾತ್ರ ಬಾಳುತ್ತದೆ. ಆ ನಂಬಿಕೆಯಾದರೋ ಅವರು ದೂರದ ಊರಿಗೆ ಹೋದ ಮೇಲೂ ಅವರ ಜೊತೆಗಿರುತ್ತದೆ. ಅದನ್ನು ಸುಳ್ಳಿಗೆ ಮಾರಿಕೊಳ್ಳದಿರೋಣ.