ಪರಚಿತ್ತದ ಅನುಮಾನ ಮತ್ತು ಯಂತ್ರ

ಇನ್ನೊಬ್ಬರ ಚಿತ್ತವು ಪ್ರತ್ಯಕ್ಷಕ್ಕೆ ನಿಲುಕದು. ಅದರ ಇರವನ್ನು ಮಾತು ಮತ್ತು ಚೇಷ್ಟೆಗಳೆಂಬ ಹೊರಚಿಹ್ನೆಗಳಿಂದ ಅನುಮಾನಿಸುವ ಬಗೆಯನ್ನು ಬೌದ್ಧ ತಾರ್ಕಿಕ ಧರ್ಮಕೀರ್ತಿಯು ‘ಸಂತಾನಾಂತರಸಿದ್ಧಿ’ಯಲ್ಲಿ ಚರ್ಚಿಸಿದ್ದಾನೆ. ಮುಖಚರ್ಯೆ, ದನಿಯ ಏರಿಳಿತ, ಆಡಿದ ಮಾತು ಈ ಮೂರನ್ನೂ ಕೂಡಿಸಿ ಭಾವವನ್ನು ಗುರುತಿಸಲು ಹೊರಟಿರುವ ಯಂತ್ರಕಲಿಕೆ, ಅಂದರೆ ಉದಾಹರಣೆಗಳಿಂದ ನಿಯಮಗಳನ್ನು ತಾನೇ ಕಂಡುಕೊಳ್ಳುವ ಗಣನವಿಧಾನ, ಅದೇ ಅನುಮಾನವನ್ನು ಅಂಕಿಗಳ ಮೂಲಕ ನಡೆಸುತ್ತದೆ.

ಆದರೆ ಆ ಉದಾಹರಣೆಗಳು ಬಂದುದೆಲ್ಲಿಂದ? ಈ ಕ್ಷೇತ್ರದಲ್ಲಿ ಬಹಳವಾಗಿ ಬಳಕೆಯಾಗಿರುವ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ‘ಐಇಮೋಕ್ಯಾಪ್’ ಸಂಗ್ರಹದಲ್ಲಿ ಹತ್ತು ಮಂದಿ ನಟನಟಿಯರ ಸುಮಾರು 12 ಗಂಟೆಗಳ ಸಂಭಾಷಣೆಯಿದ್ದು, ಅದನ್ನು ನೋಡಿ ಕೇಳಿದವರು ಪ್ರತಿಯೊಂದು ಉಕ್ತಿಗೂ ಕೋಪ, ದುಃಖ, ಸಂತೋಷ ಎಂಬಂತಹ ಹೆಸರಿಟ್ಟಿದ್ದಾರೆ. ಹೀಗಾಗಿ ಯಂತ್ರ ಕಲಿಯುವುದು ನಟನ ಚಿತ್ತವನ್ನಲ್ಲ, ನೋಡಿದವರ ಒಮ್ಮತವನ್ನು. ನಾಟ್ಯಶಾಸ್ತ್ರದ ವ್ಯಾಖ್ಯಾನಕಾರ ಶ್ರೀಶಂಕುಕನಿಗೆ ಈ ಪ್ರಯೋಗಶಾಲೆ ಅಪರಿಚಿತವೆನಿಸುತ್ತಿರಲಿಲ್ಲ: ನಟನ ಕೃತಕ ಅನುಭಾವಗಳಿಂದ, ಎಂದರೆ ಭಾವವನ್ನು ಸೂಚಿಸುವ ಕಣ್ಣೀರು, ನೋಟ ಮುಂತಾದವುಗಳಿಂದ, ಪ್ರೇಕ್ಷಕನು ಸ್ಥಾಯಿಭಾವವನ್ನು, ಎಂದರೆ ನೆಲೆನಿಂತ ಮೂಲಭಾವವನ್ನು, ಅನುಮಾನಿಸುತ್ತಾನೆ, ಚಿತ್ರದ ಕುದುರೆಯನ್ನು ಕುದುರೆಯೆಂದೇ ಗ್ರಹಿಸುವಂತೆ, ಎಂಬುದು ಅವನ ವಾದ. ಇದನ್ನು ಅದೇ ಗ್ರಂಥದ ಮತ್ತೊಬ್ಬ ವ್ಯಾಖ್ಯಾನಕಾರ ಅಭಿನವಗುಪ್ತನು ತನ್ನ ಗುರು ಭಟ್ಟತೌತನ ಆಕ್ಷೇಪಗಳೊಡನೆ ನಿರಾಕರಿಸಿದನು. ರಸವು, ಎಂದರೆ ನಾಟ್ಯದಿಂದ ಪ್ರೇಕ್ಷಕನಿಗೆ ದಕ್ಕುವ ಸವಿಯು, ಅನುಮಿತವಾಗುವ ವಸ್ತುವಲ್ಲ, ಸಹೃದಯನು ಸ್ವತಃ ಆಸ್ವಾದಿಸುವ ಅನುಭವ ಎಂಬುದು ಅವನ ನಿಲುವು. ಯಂತ್ರವು ಶಂಕುಕನ ಪಕ್ಷವನ್ನು ಸಾಧಿಸಬಹುದೇ ಹೊರತು ಅಭಿನವಗುಪ್ತನ ಪಕ್ಷದ ಹತ್ತಿರಕ್ಕೂ ಸುಳಿಯಲಾರದು.

ಜೀವಕೋಶದ ಗಣಕ ಮಾದರಿಯನ್ನು ಇದರ ಪಕ್ಕದಲ್ಲಿಟ್ಟರೆ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 525 ಜೀನುಗಳ ‘ಮೈಕೊಪ್ಲಾಸ್ಮಾ ಜೆನಿಟೇಲಿಯಂ’ ಎಂಬ ಬ್ಯಾಕ್ಟೀರಿಯಾದ ಇಡೀ ಜೀವನಚಕ್ರವನ್ನು 28 ಉಪಮಾದರಿಗಳಲ್ಲಿ ಹೆಣೆದರು. ಗಣಕದೊಳಗಿನ ಆ ಕೋಶಕ್ಕೆ ಜೀವವಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ. ಒಂದು ಜೀನನ್ನು ತೆಗೆದರೆ ಕೋಶ ಬೆಳೆಯುವುದೇ ಎಂಬ ಲೆಕ್ಕವನ್ನು ನಿಜವಾದ ಬ್ಯಾಕ್ಟೀರಿಯಾದ ಎದುರು ಒರೆಗೆ ಹಚ್ಚಬಹುದು, ತಾಳೆಯಾಗದಿದ್ದರೆ ಮಾದರಿಯನ್ನು ತಿದ್ದಬಹುದು. ಭಾವದ ವಿಷಯದಲ್ಲಾದರೋ ಒರೆಗಲ್ಲೇ ಮತ್ತೊಬ್ಬರ ಅಭಿಪ್ರಾಯ. ಹುಬ್ಬು ಗಂಟಿಕ್ಕಿದವನು ಕೋಪಗೊಂಡಿರಬಹುದು, ಯೋಚಿಸುತ್ತಿರಲೂಬಹುದು. ಮುಖದ ಚಲನೆಯೊಂದರಿಂದಲೇ ಭಾವವನ್ನು ನಿಶ್ಚಯಿಸಲಾಗದೆಂದು ಮನೋವಿಜ್ಞಾನಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಹಲೇಖಕರ 2019ರ ಸಮೀಕ್ಷೆ ವಾದಿಸಿತು. ಇಂತಹ ವ್ಯಭಿಚಾರವುಳ್ಳ, ಎಂದರೆ ಸಾಧಿಸಬೇಕಾದುದು ಇಲ್ಲದೆಡೆಯೂ ಕಾಣಿಸಿಕೊಳ್ಳುವ, ಹೇತುವನ್ನು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಹೇತ್ವಾಭಾಸವೆಂದೇ, ಅಂದರೆ ಹುಸಿಕಾರಣವೆಂದೇ, ತಳ್ಳಿಹಾಕುತ್ತಿದ್ದರು. ಮೂರು ಚಿಹ್ನೆಗಳನ್ನು ಕೂಡಿಸಿದರೆ ಊಹೆ ಬಲಗೊಳ್ಳುತ್ತದೆಂಬುದು ನಿಜ, ಆದರೂ ಅದು ಊಹೆಯೇ.

ದೇಹಚಿಹ್ನೆಗಳಿಂದ ಭಾವವನ್ನು ಊಹಿಸುವ ವ್ಯವಸ್ಥೆಗಳನ್ನು ಐರೋಪ್ಯ ಒಕ್ಕೂಟವು, ಅವುಗಳ ವೈಜ್ಞಾನಿಕ ಆಧಾರದ ಬಗೆಗಿನ ಶಂಕೆಯನ್ನೂ ಹೇಳಿ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ಉದ್ಯೋಗಸ್ಥಳಗಳಲ್ಲಿ ಹಾಗೂ ಶಿಕ್ಷಣಸಂಸ್ಥೆಗಳಲ್ಲಿ 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ.