‘ಸಾಕು’ ಎನ್ನುವುದು ಯಾವಾಗ?

ಷೇರಿನ ಬೆಲೆ ಏರುತ್ತಿರುವಾಗ ಮನೆಯಲ್ಲಿ ಎರಡು ಮಾತು ಕೇಳಿಬರುತ್ತದೆ. ‘ಬಂದಷ್ಟು ಬಂತು, ಮಾರಿಬಿಡೋಣ’ ಎಂಬುದು ಒಂದು. ‘ಇನ್ನೂ ಏರುತ್ತದೆ, ಅವಸರವೇಕೆ?’ ಎಂಬುದು ಇನ್ನೊಂದು. ಮೊದಲನೆಯದು ವಿವೇಕ, ಎರಡನೆಯದು ದುರಾಸೆ ಎಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ವಿಷಯ ಅಷ್ಟು ಸರಳವೇ?

ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರ್ ಎಂಬ ಪಟ್ಟಣವನ್ನು ನೋಡೋಣ. ಇಂದು ಬೆಂಗಳೂರಿನ ಹೆಸರಿನೊಂದಿಗೆ ಬೆರೆತುಹೋಗಿರುವ ವಿಪ್ರೋ, 1945ರಲ್ಲಿ ಅಲ್ಲಿ ವನಸ್ಪತಿ ತಯಾರಿಸುವ ಕಂಪೆನಿಯಾಗಿ ಹುಟ್ಟಿತು. ಅಲ್ಲಿನ ಸಾಮಾನ್ಯ ಜನರು ಅದರ ಷೇರುಗಳನ್ನು ಕೊಂಡಿದ್ದರು. ದಶಕಗಳ ಕಾಲ ಮಾರದೆ ಉಳಿಸಿಕೊಂಡವರ ಕುಟುಂಬಗಳು, ಕಂಪೆನಿ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಬೆಳೆದಾಗ ಶ್ರೀಮಂತವಾದವು. ಈ ಕಥೆ ಕೇಳಿದ ಯಾರಿಗಾದರೂ ಮಾರಲು ಮನಸ್ಸು ಬಾರದು.

ಆದರೆ ಇನ್ನೊಂದು ಕಥೆಯೂ ಇದೆ. ತಂತ್ರಜ್ಞಾನ ಕಂಪೆನಿಗಳೇ ಹೆಚ್ಚಾಗಿರುವ ಅಮೆರಿಕದ ನಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್‌ನಲ್ಲಿ 5,000 ದಾಟಿತ್ತು. 2002ರ ಅಕ್ಟೋಬರ್ ವೇಳೆಗೆ ಅದು 1,100ರ ಆಸುಪಾಸಿಗೆ ಕುಸಿಯಿತು. ಹಳೆಯ ಎತ್ತರವನ್ನು ಮತ್ತೆ ಮುಟ್ಟಲು 2015ರವರೆಗೆ ಕಾಯಬೇಕಾಯಿತು. ಈ ನಡುವೆ ಎಷ್ಟೋ ಕಂಪೆನಿಗಳು ಹೇಳಹೆಸರಿಲ್ಲದಂತಾದವು. ಅವುಗಳ ಷೇರನ್ನೂ ಜನರು ತಾಳ್ಮೆಯಿಂದಲೇ ಇಟ್ಟುಕೊಂಡಿದ್ದರು. ಅವರ ತಾಳ್ಮೆಯನ್ನು ಹೊಗಳುವವರಿಲ್ಲ. ಅಂದರೆ, ಗೆದ್ದವನು ಕಾದರೆ ಅದು ದೂರದೃಷ್ಟಿ, ಸೋತವನು ಕಾದರೆ ಅದು ದುರಾಸೆ! ಫಲಿತಾಂಶ ನೋಡಿ ಗುಣವನ್ನು ಅಳೆಯುವ ಈ ನ್ಯಾಯ ಸರಿಯಲ್ಲ.

ಹಾಗಾದರೆ ಯಾವುದರಿಂದ ಅಳೆಯಬೇಕು? ಮೊದಲು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಈ ಷೇರಿನ ಬದಲು ಅಷ್ಟೇ ಹಣ ಕೈಯಲ್ಲಿದ್ದರೆ ಇಂದಿನ ಬೆಲೆಗೆ ಇದನ್ನೇ ಕೊಳ್ಳುತ್ತಿದ್ದೆವೇ? ಇಲ್ಲವೆಂದಾದರೆ ಅದನ್ನು ಹಿಡಿದಿಟ್ಟಿರುವುದು ಲೆಕ್ಕಾಚಾರವಲ್ಲ, ಮೋಹ. ನಾವು ಎಷ್ಟಕ್ಕೆ ಕೊಂಡೆವು ಎಂಬುದು ಮಾರುಕಟ್ಟೆಗೆ ಬೇಕಿಲ್ಲ. ಏರಿದ ಬೆಲೆಯನ್ನು ನಮ್ಮ ಜಾಣತನದ ಪ್ರಮಾಣಪತ್ರವೆಂದು ಭಾವಿಸಿದಾಗ, ಮಾರುವುದೆಂದರೆ ಆ ಪತ್ರವನ್ನು ಹಿಂತಿರುಗಿಸಿದಂತೆ ಅನಿಸುತ್ತದೆ.

ಎರಡನೆಯದು, ಈ ಹಣ ಯಾವುದಕ್ಕಾಗಿ? ಮುಂದಿನ ವರ್ಷ ಮಗಳ ಕಾಲೇಜು ಶುಲ್ಕ ಕಟ್ಟಬೇಕಿದ್ದರೆ ಅಥವಾ ತಂದೆಯ ಶಸ್ತ್ರಚಿಕಿತ್ಸೆ ಆಗಬೇಕಿದ್ದರೆ, ಅಷ್ಟು ಭಾಗವನ್ನು ಮಾರುವುದೇ ಸರಿ. ಬಳಿಕ ಬೆಲೆ ಏರಿದರೆ ಪಶ್ಚಾತ್ತಾಪ ಪಡಬೇಕಾಗಿಲ್ಲ; ಆ ಹಣ ತನ್ನ ಕೆಲಸ ಮಾಡಿತು. ಇತರರ ಅಗತ್ಯವನ್ನು ಪಣಕ್ಕಿಟ್ಟು ಕಾಯುವುದು ಧೈರ್ಯವಲ್ಲ. ಆದರೆ ಯಾವ ಅಗತ್ಯವೂ ಇಲ್ಲದೆ, ಪ್ರಾಮಾಣಿಕವಾಗಿ ದುಡಿಯುವ ಕಂಪೆನಿಯ ಪಾಲುದಾರರಾಗಿ ಉಳಿಯುವುದನ್ನು ದುರಾಸೆ ಎನ್ನಲಾಗದು.

ಮೂರನೆಯದನ್ನು ನಾವು ಮರೆಯುವುದೇ ಹೆಚ್ಚು. ನಾವು ಮಾರಿದ್ದನ್ನು ಇನ್ನೊಬ್ಬರು ಕೊಳ್ಳುತ್ತಾರೆ. ಬೆಲೆ ಕುಸಿಯಬಹುದೆಂದು ಊಹಿಸಿ ಮಾರುವುದು ತಪ್ಪಲ್ಲ, ಕೊಳ್ಳುವವನಿಗೂ ಅವನದೇ ಊಹೆ ಇರುತ್ತದೆ. ಆದರೆ ಕಂಪೆನಿಯ ಒಳಗುಟ್ಟು ತಿಳಿದು ಮಾರುವುದು ಕಾನೂನಿನ ಪ್ರಕಾರವೂ ಅಪರಾಧ. ಗೆಳೆಯರ ಮುಂದೆ ಷೇರನ್ನು ಹೊಗಳುತ್ತಾ ಹಿಂದಿನಿಂದ ಸದ್ದಿಲ್ಲದೆ ಮಾರುವುದು ವಂಚನೆಯೇ. ಸತ್ಯಂ ಕಂಪೆನಿಯ ಮುಖ್ಯಸ್ಥರು 2009ರ ಜನವರಿ 7ರಂದು ಲೆಕ್ಕಪತ್ರದ ಮೋಸವನ್ನು ಒಪ್ಪಿಕೊಂಡಾಗ ಅದರ ಷೇರು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಬೆಲೆ ಕಳೆದುಕೊಂಡಿತು. ಸತ್ಯ ತಿಳಿಯದೆ ಕೊಂಡವರು ತೆತ್ತ ಬೆಲೆಯದು.

ಕೊನೆಗೆ ಮತ್ತೆ ವಿಪ್ರೋದತ್ತ ನೋಡೋಣ. ಅಝೀಮ್ ಪ್ರೇಮ್‌ಜಿಯವರೂ ಷೇರುಗಳನ್ನು ದೀರ್ಘಕಾಲ ಉಳಿಸಿಕೊಂಡವರೇ. ಆದರೆ 2019ರಲ್ಲಿ ಅವರು ಇನ್ನೂ 34 ಶೇಕಡಾ ಷೇರುಗಳ ಆದಾಯವನ್ನು ಸಮಾಜಸೇವೆಗೆ ಮೀಸಲಿಟ್ಟರು. ಆಗ ಅವುಗಳ ಮೌಲ್ಯ ಸುಮಾರು 52,750 ಕೋಟಿ ರೂಪಾಯಿ. ಷೇರನ್ನು ಉಳಿಸಿಕೊಳ್ಳುವುದೆಂದರೆ ತನಗಾಗಿಯೇ ಕೂಡಿಡುವುದೆಂದು ಅರ್ಥವಲ್ಲ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಬಳಿ ಇರುವುದು ಹತ್ತೋ ಇಪ್ಪತ್ತೋ ಷೇರುಗಳಿರಬಹುದು. ಪ್ರಶ್ನೆ ಮಾತ್ರ ಅದೇ: ನಾವು ಷೇರನ್ನು ಹಿಡಿದುಕೊಂಡಿದ್ದೇವೆಯೋ, ಅಥವಾ ಷೇರು ನಮ್ಮನ್ನು ಹಿಡಿದುಕೊಂಡಿದೆಯೋ?