ಕಾಲದ ಮುಪ್ಪು, ಅಕಾಲದ ಮುಪ್ಪು

ಗದಗಿನಿಂದ ಮುಳಗುಂದದ ಕಡೆಗೆ ಹೋಗುವ ಹಾದಿಯಲ್ಲಿರುವ ಮಲ್ಲಸಮುದ್ರವು ಎರೆಹೊಲಗಳ ಸೀಮೆಯ ಒಂದು ಸಾಮಾನ್ಯ ಗ್ರಾಮವಾಗಿದ್ದುದು, ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2015ರಲ್ಲಿ ಅಲ್ಲಿ ಪ್ರಾರಂಭವಾದಂದಿನಿಂದ ಸುತ್ತಣ ತಾಲೂಕುಗಳ ಬೇನೆಬೇಸರಿಕೆಗಳೆಲ್ಲ ಬಂದು ಕೂಡುವ ಸ್ಥಾನವಾಗಿದೆ. ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ಬಂದ ಬಸ್ಸನ್ನಿಳಿದು, ಒಂದು ಕೈಯನ್ನು ಮಗನ ಹೆಗಲ ಮೇಲೂ ಇನ್ನೊಂದನ್ನು ಕೋಲಿನ ಮೇಲೂ ಊರಿ ನಡೆದುಬರುವ ಹಿರಿಯರನ್ನು ‘ಏನಾಗೈತಿ ಅಜ್ಜಾ?’ ಎಂದು ಕೇಳಿದರೆ, ಮೊಣಕಾಲಿನ ಮಾತಾಗಲಿ ಕಣ್ಣಿನ ಪೊರೆಯ ಮಾತಾಗಲಿ ಬರುವುದಕ್ಕೆ ಮೊದಲೇ ‘ಏನಿಲ್ರೀ, ವಯಸ್ಸಾತು’ ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ಎಷ್ಟು ಪಾಲು ವೈರಾಗ್ಯ, ಎಷ್ಟು ಪಾಲು ಸೋಲು, ಮತ್ತು ಎಷ್ಟು ಪಾಲು ನಮ್ಮೆಲ್ಲರ ಅಪರಾಧವನ್ನು ಮುಚ್ಚುವ ಸೌಜನ್ಯ ಎಂಬುದನ್ನು ವಿಚಾರಿಸತಕ್ಕ ಕಾಲ ಬಂದಿದೆ.

ಏಕೆಂದರೆ ನಾಡು ಮುಪ್ಪಾಗುತ್ತಿದೆ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರ ಪ್ರಮಾಣವು ದೇಶದಲ್ಲಿ ನೂರಕ್ಕೆ 8.6 ಇದ್ದರೆ ಕರ್ನಾಟಕದಲ್ಲಿ ಸುಮಾರು 9.5 ಇದ್ದಿತು, 2050ರ ವೇಳೆಗೆ ಐವರು ಭಾರತೀಯರಲ್ಲಿ ಒಬ್ಬರು ಆ ಮಜಲನ್ನು ದಾಟಿರುವರೆಂದು ಅಂದಾಜು. ಇದನ್ನರಿತ ವಿದ್ವಾಂಸರು ಸುಮ್ಮನೆ ಕುಳಿತಿಲ್ಲ. 2017-18ರಲ್ಲಿ ಮುಂಬಯಿಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯವರು ನಲವತ್ತೈದು ಮೀರಿದವರೂ ಅವರ ಬಾಳಸಂಗಾತಿಗಳೂ ಸೇರಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮನೆಬಾಗಿಲಿಗೆ ಹೋಗಿ, ಅವರ ಮುಷ್ಟಿಯ ಬಿಗಿಯನ್ನು ಯಂತ್ರದಿಂದ ಅಳೆದು, ಕೆಲವು ಹೆಜ್ಜೆ ನಡೆಯುವುದಕ್ಕೆ ತಗಲುವ ಹೊತ್ತನ್ನು ಎಣಿಸಿ, ನೆನಪನ್ನು ಪರೀಕ್ಷಿಸಿ ಬರೆದುಕೊಂಡರು. ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷವರ್ಷಗಳ ಕಾಲ ಹಿಂಬಾಲಿಸಿ, ಯಾರ ಬುದ್ಧಿ ಮಸುಕಾಗುತ್ತದೆ, ಯಾರದು ತಿಳಿಯಾಗಿ ಉಳಿಯುತ್ತದೆ, ಏಕೆ ಎಂದು ಶೋಧಿಸುತ್ತಿದ್ದಾರೆ. ಹತ್ತು ಸಾವಿರ ಮಂದಿಯನ್ನು ಅಧ್ಯಯನಕ್ಕೆ ಒಳಪಡಿಸಬೇಕೆಂಬುದು ಅವರ ಸಂಕಲ್ಪ.

ಇಷ್ಟೆಲ್ಲ ಅಳತೆಯ ಹಿಂದಿರುವ ಪ್ರಶ್ನೆ ಮಾತ್ರ ಹೊಸದಲ್ಲ. ಸುಶ್ರುತಾಚಾರ್ಯನು ವ್ಯಾಧಿಗಳನ್ನು ವಿಂಗಡಿಸುವಾಗ ಹಸಿವು, ನೀರಡಿಕೆ, ನಿದ್ರೆ, ಮರಣಗಳ ಸಾಲಿನಲ್ಲಿ ಜರೆಯನ್ನೂ ಕೂಡಿಸಿ, ಇವು ಸ್ವಭಾವದ ಬಲದಿಂದಲೇ ಒದಗುವಂಥವು ಎಂದು ಹೇಳಿದ್ದಾನೆ. ಅಲ್ಲಿಗೇ ನಿಂತಿದ್ದರೆ ಆತನೂ ‘ವಯಸ್ಸಾತು’ ಎಂದು ಕೈಚೆಲ್ಲಿದಂತಾಗುತ್ತಿತ್ತು. ಆದರೆ ಆತನು ಮುಂದುವರಿದು, ಇವುಗಳಲ್ಲಿಯೂ ಎರಡು ಬಗೆಯುಂಟೆಂದು ಸೂಕ್ಷ್ಮವಾಗಿ ಬೇರ್ಪಡಿಸುತ್ತಾನೆ: ಪರಿರಕ್ಷಣೆಯಲ್ಲಿ ಬಾಳಿದವನಿಗೆ ಬರುವುದು ಕಾಲದಲ್ಲಿ ಬರುತ್ತದೆ, ಪರಿರಕ್ಷಣೆಯಿಲ್ಲದವನಿಗೆ ಬರುವುದು ಅಕಾಲದಲ್ಲಿ ಎರಗುತ್ತದೆ. ಇಂದಿನ ಜೀವಶಾಸ್ತ್ರಜ್ಞರು ಪಂಚಾಂಗದ ವಯಸ್ಸು ಬೇರೆ, ದೇಹದ ವಯಸ್ಸು ಬೇರೆ ಎಂದು ಬಗೆಬಗೆಯ ರಕ್ತಪರೀಕ್ಷೆಗಳಿಂದ ಸಾಧಿಸಹೊರಟಿರುವುದು ಈ ದಾರಿಯಲ್ಲಿಯೇ. ಆ ಪರಿರಕ್ಷಣೆಯ ಭಾರ ಯಾರದು ಎಂಬುದನ್ನು ಮಾತ್ರ ಯಾವ ಪ್ರಯೋಗಶಾಲೆಯೂ ನಮಗಾಗಿ ನಿರ್ಣಯಿಸಿಕೊಡಲಾರದು.

ಗದಗ ಜಿಲ್ಲೆಯಲ್ಲಿ ಆ ಪ್ರಶ್ನೆ ಕೊಳವೆಬಾವಿಯ ಬಾಯಲ್ಲಿ ನಿಂತಿದೆ. ಮುಂಡರಗಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಬಹುಕಾಲದಿಂದ ತಿಳಿದ ವಿಷಯ. ಕುಡಿಯುವ ನೀರಿನ ಲೀಟರಿಗೆ ಒಂದೂವರೆ ಮಿಲಿಗ್ರಾಮಿನ ಮಿತಿಯನ್ನು ಮೀರಿದ ಫ್ಲೋರೈಡು ವರ್ಷಗಟ್ಟಲೆ ದೇಹಕ್ಕೆ ಸೇರಿದರೆ, ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದುಗೆರೆ ಮೂಡುತ್ತದೆ; ಬಳಿಕ ಎಲುಬು ದಪ್ಪವಾಗಿ, ಸಂದುಗಳು ಬಿಗಿದು, ಬೆನ್ನಹುರಿಯ ಸುತ್ತಲಿನ ಕಟ್ಟುಗಳು ಗಡುಸಾಗುತ್ತವೆ. ನಲವತ್ತೈದರ ಹೆಂಗಸು ಉಳ್ಳಾಗಡ್ಡಿಯ ಹೊಲದಲ್ಲಿ ಕಳೆ ತೆಗೆಯಲು ಕುಕ್ಕರುಗಾಲಿನಲ್ಲಿ ಕುಳಿತರೆ ಏಳಲಾರಳು. ಎದ್ದರೆ ಕತ್ತು ತಿರುಗಿಸಿ ಹಿಂದೆ ನೋಡಲಾರದೆ ಮೈಯನ್ನೇ ತಿರುಗಿಸುವಳು. ಅವಳೂ ‘ವಯಸ್ಸಾತು’ ಎನ್ನುವಳು. ಇದನ್ನು ಕರ್ಮವೆಂದು ವ್ಯಾಖ್ಯಾನಿಸುವ ವೇದಾಂತಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಕರ್ಮವೇನೋ ನಿಜ, ಶುದ್ಧವಾದ ನೀರನ್ನು ಆ ಕೇರಿಗೆ ಮುಟ್ಟಿಸದವರ ಕರ್ಮದ ಫಲವನ್ನು ಅವಳು ಉಣ್ಣುತ್ತಿದ್ದಾಳೆ ಎಂದು ವಾಕ್ಯವನ್ನು ಪೂರ್ತಿಮಾಡಿದರೆ ಸಾಕು.

ಆರೋಗ್ಯದ ಮುಪ್ಪು ಎಂದರೆ ರೋಗವಿಲ್ಲದ ಮುಪ್ಪಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ವಿವರಿಸಿತು. ತನಗೆ ಬೆಲೆಯುಳ್ಳದ್ದಾಗಿ ಕಂಡುದನ್ನು ಮಾಡುವ ಶಕ್ತಿ ಉಳಿದಿರುವುದೇ ಅದರ ಲಕ್ಷಣ; ಆ ಶಕ್ತಿಯಲ್ಲಿ ದೇಹದ ಪಾಲೊಂದು, ಸುತ್ತಣ ಲೋಕದ ಪಾಲೊಂದು. ಗದುಗಿನವರಿಗೆ ಇದನ್ನು ಪುಸ್ತಕ ತೆರೆದು ಕಲಿಸಬೇಕಾಗಿಲ್ಲ. ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು, ಗುರು ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, 2010ರಲ್ಲಿ ತೊಂಬತ್ತಾರರ ವಯಸ್ಸಿನಲ್ಲಿ ತಾವು ದೇಹವಿಡುವವರೆಗೂ ಅನ್ನ, ಅಕ್ಷರ, ಸಂಗೀತಗಳನ್ನು ಹಂಚುವ ಆ ಮನೆಯನ್ನು ನಡೆಸಿದುದನ್ನು ಈ ಊರು ಕಣ್ಣಾರೆ ಕಂಡಿದೆ. ಅವರ ತಪಸ್ಸು ದೊಡ್ಡದು, ಸಂಶಯವಿಲ್ಲ. ಆದರೆ ಕೈಹಿಡಿದು ನಡೆಸುವ ಶಿಷ್ಯ, ಕಾಳು ತಂದು ಸುರಿಯುವ ರೈತ, ಅಂಧನನ್ನು ಭಾರವೆಂದು ಬಗೆಯದ ಆಶ್ರಮ ಇವೆಲ್ಲವೂ ಸೇರಿಯೇ ಆ ದೀರ್ಘಾಯುಷ್ಯವು ಸಫಲವಾಯಿತು. ಬೆಟಗೇರಿಯಲ್ಲಿ ಮಗ್ಗದ ಮುಂದೆ ಬಾಳು ಸವೆಸಿದ ನೇಕಾರನಿಗೆ ಅಂಥ ಆಶ್ರಮವಿಲ್ಲ. ಆತನಿಗೆ ಇರುವುದು ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ.

ಇಲ್ಲಿ ನನಗೊಂದು ಭಯವೂ ಉಂಟು. ಶಕ್ತಿಯೇ ಆರೋಗ್ಯದ ಅಳತೆಗೋಲಾದರೆ, ಏನನ್ನೂ ಮಾಡಲಾರದೆ ಪಡಸಾಲೆಯಲ್ಲಿ ಮಲಗಿರುವ ಅಜ್ಜಿಯ ಗತಿ ಏನು? ಕಠೋಪನಿಷತ್ತಿನ ಆರಂಭದಲ್ಲಿ ನಚಿಕೇತನ ತಂದೆ ದಾನಕ್ಕೆಂದು ತೆಗೆದ ಹಸುಗಳು ಹುಲ್ಲು ಮೇಯ್ದು, ನೀರು ಕುಡಿದು, ಹಾಲು ಕರೆಸಿಕೊಂಡು ಎಲ್ಲವನ್ನೂ ಮುಗಿಸಿದ್ದವು. ಅಂಥವನ್ನು ಸಾಗಹಾಕಿ ಪುಣ್ಯವನ್ನು ಬಯಸುವವನಿಗೆ ಆನಂದವಿಲ್ಲದ ಲೋಕವೇ ಗತಿಯೆಂದು ಬಾಲಕನ ಮನಸ್ಸು ಕಲಕಿತು. ಉಪಯೋಗ ತೀರಿದೊಡನೆ ಬೆಲೆಯೂ ತೀರಿತೆಂದು ಭಾವಿಸುವ ಆ ಲೆಕ್ಕಾಚಾರವು ಇಂದು ‘ಚಟುವಟಿಕೆಯ ವೃದ್ಧಾಪ್ಯ’ ಎಂಬ ಅಂದವಾದ ಮಾತಿನ ಮರೆಯಲ್ಲಿ ಮನೆಯೊಳಕ್ಕೆ ಬಾರದಂತೆ ನಾವು ಎಚ್ಚರದಿಂದಿರಬೇಕು. ಇನ್ನು ಮುಪ್ಪನ್ನೇ ಅಳಿಸಿಬಿಡುವೆವೆಂಬವರ ವಿಷಯ: 2023ರಲ್ಲಿ ಅಮೆರಿಕೆಯ ಧನಿಕ ಬ್ರಯಾನ್ ಜಾನ್ಸನ್ ಎಂಬಾತನು ತರುಣನಾದ ತನ್ನ ಮಗನ ರಕ್ತರಸವನ್ನು ಮೈಗೆ ಏರಿಸಿಕೊಂಡು, ಲಾಭ ಕಾಣದೆ ಬಿಟ್ಟನು. ಮಗನ ಯೌವನವನ್ನು ಪಡೆದ ಪುರಾಣದ ಯಯಾತಿಗೆ ಅದರಿಂದ ತೃಪ್ತಿಯಿಲ್ಲವೆಂದು ತಿಳಿಯಲು ಸಾವಿರ ವರ್ಷ ಬೇಕಾಯಿತು. ಈತನು ಬೇಗನೆ ಅರಿತನೆಂದು ಮೆಚ್ಚಬೇಕು.

ಮನುಷ್ಯನು ಋಣಗಳೊಡನೆ ಹುಟ್ಟುವನೆಂದೂ, ಋಷಿಋಣವು ಅಧ್ಯಯನದಿಂದ ತೀರುವುದೆಂದೂ ಹಿರಿಯರು ಹೇಳುತ್ತಿದ್ದರು. ಶ್ರೀನಿವಾಸಪುರದ ಅಜ್ಜಿಯು ತೋಳು ಚಾಚಿ ರಕ್ತ ಕೊಟ್ಟಾಗ ಋಣವು ತಿರುಗುಮುರುಗಾಗುತ್ತದೆ. ಅಧ್ಯಯನ ಮಾಡುವವನೇ ಆಕೆಗೆ ಸಾಲಗಾರ. ನಾಳೆ ಮಲ್ಲಸಮುದ್ರದ ಸುತ್ತಲೂ ಇಂಥ ಶೋಧನೆ ನಡೆಯಲಿ, ನಡೆಯತಕ್ಕದ್ದು. ಆದರೆ ಅದರ ಫಲಿತಾಂಶವು ದೂರದೇಶದ ಪತ್ರಿಕೆಯಲ್ಲಿ ಅಚ್ಚಾದ ಮಾತ್ರಕ್ಕೆ ಆ ಸಾಲ ತೀರದು. ಇಲ್ಲಿ ಓದುತ್ತಿರುವ ತರುಣ ವೈದ್ಯರಲ್ಲಿ ನನ್ನ ಬಿನ್ನಹವಿಷ್ಟೆ: ರಕ್ತ ಕೊಟ್ಟವರನ್ನು ಗುಡಿಯ ಕಟ್ಟೆಯ ಮೇಲೆ ಕೂಡಿಸಿ, ಅವರ ಮುಪ್ಪಿನಲ್ಲಿ ಕಾಲವು ತಂದುದೆಷ್ಟು, ನೀರು, ಹೊಗೆ, ಹಸಿವುಗಳು ತಂದುದೆಷ್ಟು ಎಂಬುದನ್ನು ಅವರ ಮಾತಿನಲ್ಲಿಯೇ ತಿಳಿಸುವವರೆಗೆ ನಿಮ್ಮ ಅಧ್ಯಯನ ಮುಗಿಯಿತೆಂದು ಬರೆದುಕೊಳ್ಳಬೇಡಿರಿ.